ಮೈಟೊಕಾಂಡ್ರಿಯಾ ಮತ್ತು ನರರೋಗ: ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ಸಂಶೋಧನೆ

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಕಡೆಯ ಹಳ್ಳಿಗಳಲ್ಲಿ ಯಾರಿಗಾದರೂ ಕೈ ನಡುಗಿದರೆ, ಮಕ್ಕಳಿಗೆ ಪದೇ ಪದೇ ಫಿಟ್ಸ್ ಬಂದರೆ, ಮುದುಕರಿಗೆ ಮನೆಯ ದಾರಿಯೇ ಮರೆತುಹೋದರೆ, ಮೊದಲು ನಾಟಿ ಮದ್ದು, ಆಮೇಲೆ ಊರ ಡಾಕ್ಟರು, ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್. ಹಿಂದೂಪುರದವರು ಗೌರಿಬಿದನೂರಿನ ಮೇಲೆ ರೈಲು ಹಿಡಿಯುತ್ತಾರೆ, ಕಲ್ಯಾಣದುರ್ಗದವರು ಪಾವಗಡದ ಮೇಲೆ ಬಸ್ಸು ಹಿಡಿಯುತ್ತಾರೆ. ಅಲ್ಲಿಗೆ ಹೋಗಿ ಬಂದವರ ಚೀಟಿಯಲ್ಲಿ ಈಗೀಗ ‘ಮೈಟೊಕಾಂಡ್ರಿಯಾ’ ಎಂಬ ಪದವೂ ಒಮ್ಮೊಮ್ಮೆ ಕಾಣಿಸುತ್ತದೆ. ಹಾಗೆಂದರೆ ಏನು? ನರಗಳಿಗೂ ಅದಕ್ಕೂ ಏನು ಸಂಬಂಧ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದವರಲ್ಲಿ ಪ್ರಮುಖರು ಡಾ. ವಿಜಯಲಕ್ಷ್ಮಿ ರವೀಂದ್ರನಾಥ್. ಅವರ ಮುಖ್ಯ ಪ್ರಯೋಗಗಳ ದಾರಿ ಶುರುವಾದದ್ದು ಇದೇ ನಿಮ್ಹಾನ್ಸ್‌ನಲ್ಲಿ. ಆ ಕೆಲಸದ ಪರಿಚಯ ಇಲ್ಲಿದೆ.

ಯಾರು ಈ ವಿಜ್ಞಾನಿ?

ವಿಜಯಲಕ್ಷ್ಮಿ ರವೀಂದ್ರನಾಥ್ ಹುಟ್ಟಿದ್ದು 1953ರಲ್ಲಿ, ಚೆನ್ನೈನಲ್ಲಿ. ಬಿ.ಎಸ್ಸಿ. ಮತ್ತು ಎಂ.ಎಸ್ಸಿ. ಓದಿದ್ದು ಆಂಧ್ರ ವಿಶ್ವವಿದ್ಯಾಲಯದಲ್ಲಿ. 1981ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಜೀವರಸಾಯನ ಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದರು. ಆಂಧ್ರದಲ್ಲಿ ಓದಿ ಕರ್ನಾಟಕದಲ್ಲಿ ಬದುಕು ಕಟ್ಟಿಕೊಳ್ಳುವುದು ನಮ್ಮ ಗಡಿನಾಡಿನವರಿಗೆ ಹೊಸದೇನಲ್ಲ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಸಂಶೋಧನೆ ಮಾಡಿ ಬಂದ ಅವರು 1986ರಲ್ಲಿ ನಿಮ್ಹಾನ್ಸ್ ಸೇರಿದರು.

1996ರಲ್ಲಿ ಅವರಿಗೆ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು, 2010ರಲ್ಲಿ ಪದ್ಮಶ್ರೀ ಬಂತು. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದ ಸ್ಥಾಪಕ ನಿರ್ದೇಶಕಿ ಅವರೇ. 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ (ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್) ಬಂದು ಅಲ್ಲಿ ನರವಿಜ್ಞಾನ ಕೇಂದ್ರವನ್ನು ಕಟ್ಟಿದರು. ಮುಂದೆ ಅದೇ ಆವರಣದ ಮೆದುಳು ಸಂಶೋಧನಾ ಕೇಂದ್ರಕ್ಕೂ ಸ್ಥಾಪಕ ನಿರ್ದೇಶಕಿಯಾದರು.

ಮೈಟೊಕಾಂಡ್ರಿಯಾ ಎಂದರೇನು?

ನಮ್ಮ ದೇಹ ಕೋಟ್ಯಂತರ ಜೀವಕೋಶಗಳಿಂದ ಆಗಿದೆ. ಕೆಂಪು ರಕ್ತಕಣ ಬಿಟ್ಟರೆ ಹೆಚ್ಚುಕಡಿಮೆ ಪ್ರತಿ ಕೋಶದೊಳಗೂ ಮೈಟೊಕಾಂಡ್ರಿಯಾ ಎಂಬ ಸಣ್ಣ ಸಣ್ಣ ಭಾಗಗಳಿವೆ. ಒಂದು ಕೋಶದಲ್ಲಿ ಅವು ನೂರಾರು, ಕೆಲವು ಕೋಶಗಳಲ್ಲಿ ಸಾವಿರಾರು. ಇವನ್ನು ಕೋಶದ ಒಲೆ ಎನ್ನಬಹುದು. ನಾವು ತಿಂದ ಮುದ್ದೆ, ಅನ್ನ ಜೀರ್ಣವಾಗಿ ಬಂದ ಸಾರವನ್ನು ಉಸಿರಿನ ಆಮ್ಲಜನಕದ ಜೊತೆ ಉರಿಸಿ ಎಟಿಪಿ ಎಂಬ ಶಕ್ತಿಯ ರೂಪಕ್ಕೆ ಮಾರ್ಪಡಿಸುವುದು ಇವುಗಳ ಕೆಲಸ.

ಈ ಕೆಲಸ ಐದು ಹಂತಗಳಲ್ಲಿ ನಡೆಯುತ್ತದೆ. ಮೊದಲ ಹಂತದ ಯಂತ್ರದ ಹೆಸರು ಕಾಂಪ್ಲೆಕ್ಸ್-1. ಸುಮಾರು 45 ಪ್ರೋಟೀನುಗಳು ಸೇರಿ ಆದ ದೊಡ್ಡ ಯಂತ್ರ ಇದು. ಇದು ನಿಂತರೆ ಎರಡು ತೊಂದರೆ. ಒಂದು, ಶಕ್ತಿ ಕಡಿಮೆಯಾಗುತ್ತದೆ. ಎರಡು, ಸರಿಯಾಗಿ ಉರಿಯದ ಒಲೆ ಹೊಗೆ ಕಾರುವಂತೆ ಮೈಟೊಕಾಂಡ್ರಿಯಾ ಹಾನಿಕರವಾದ ಆಮ್ಲಜನಕದ ಕಣಗಳನ್ನು ಹೊರಬಿಡುತ್ತದೆ. ಆ ಕಣಗಳು ಕೋಶವನ್ನೇ ಸುಡುತ್ತವೆ.

ಇದರ ಪೆಟ್ಟು ಮೊದಲು ನರಗಳಿಗೆ ಏಕೆ? ಮೆದುಳು ದೇಹದ ತೂಕದಲ್ಲಿ ಶೇ. 2ರಷ್ಟು ಮಾತ್ರ, ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20ನ್ನು ಅದೊಂದೇ ಬಳಸುತ್ತದೆ. ಸೊಂಟದ ಹತ್ತಿರದ ಬೆನ್ನುಹುರಿಯಿಂದ ಪಾದದವರೆಗೆ ಹೋಗುವ ಒಂದೊಂದು ನರದ ಎಳೆ ಸುಮಾರು ಒಂದು ಮೀಟರ್ ಉದ್ದ. ಅಷ್ಟು ದೂರಕ್ಕೂ ಶಕ್ತಿ ಮುಟ್ಟಬೇಕು. ಜೊತೆಗೆ, ಚರ್ಮದ ಕೋಶ ಸತ್ತರೆ ಇನ್ನೊಂದು ಹುಟ್ಟುತ್ತದೆ, ಸತ್ತ ನರಕೋಶದ ಜಾಗಕ್ಕೆ ಸಾಮಾನ್ಯವಾಗಿ ಇನ್ನೊಂದು ಬರುವುದಿಲ್ಲ.

ಬರಗಾಲದ ಬೇಳೆ ಹೇಳಿಕೊಟ್ಟ ಪಾಠ

ವಿಜಯಲಕ್ಷ್ಮಿ ಅವರ ಮುಖ್ಯ ಸಂಶೋಧನೆಯೊಂದು ಶುರುವಾದದ್ದು ಕೇಸರಿ ಬೇಳೆಯಿಂದ. ಅನಂತಪುರದ ಸೀಮೆಯವರಿಗೆ ಬರ ಎಂದರೆ ಏನೆಂದು ಹೇಳಬೇಕಾಗಿಲ್ಲ. ಕೇಸರಿ ಬರಗಾಲದ ಬೆಳೆ. ಮಳೆ ಕೈಕೊಟ್ಟು ಉಳಿದ ಪೈರು ಒಣಗಿದಾಗಲೂ ಅದು ನಿಲ್ಲುತ್ತದೆ. ನಮ್ಮ ಕಡೆ ಅದನ್ನು ಬೆಳೆಯುವ ರೂಢಿ ಇಲ್ಲ. ಮಧ್ಯಪ್ರದೇಶ, ಛತ್ತೀಸಗಢ, ಬಿಹಾರದ ಕಡೆ ಬಹುಕಾಲದಿಂದ ಬೆಳೆಯುತ್ತಾರೆ. ಸ್ವಲ್ಪ ತಿಂದರೆ ಏನೂ ಆಗುವುದಿಲ್ಲ. ಆದರೆ ತಿನ್ನಲು ಬೇರೇನೂ ಇಲ್ಲದೆ ಎರಡು ಮೂರು ತಿಂಗಳು ಅದನ್ನೇ ಉಂಡವರಲ್ಲಿ ಕೆಲವರಿಗೆ ಕಾಲು ಸೆಟೆದುಕೊಳ್ಳುತ್ತದೆ. ಮೊದಲು ಕೋಲು ಹಿಡಿಯುತ್ತಾರೆ, ಆಮೇಲೆ ತೆವಳುತ್ತಾರೆ. ಈ ರೋಗಕ್ಕೆ ಲ್ಯಾಥಿರಿಸಂ ಎಂದು ಹೆಸರು. ಒಮ್ಮೆ ಬಂದರೆ ವಾಸಿಯಾಗುವುದಿಲ್ಲ. ಮಧ್ಯಪ್ರದೇಶದ ರೇವಾ ಸೀಮೆಯಲ್ಲಿ ಜೀತದಾಳುಗಳಿಗೆ ಕೂಲಿಯಾಗಿ ಈ ಕಾಳನ್ನೇ ಅಳೆದು ಕೊಡುತ್ತಿದ್ದರು. ರೋಗ ಹೆಚ್ಚಾಗಿ ಬಂದದ್ದು ಹೊಲದಲ್ಲಿ ದುಡಿಯುವ ಇಂತಹ ಬಡ ಕೂಲಿಗಳಿಗೆ.

ಆ ಕಾಳಿನಲ್ಲಿರುವ ವಿಷವನ್ನು ಬೇರ್ಪಡಿಸಿ ಗುರುತಿಸಿದ್ದು 1964ರಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ ಮತ್ತು ಪಿ.ಎಸ್. ಶರ್ಮ ಈ ಕೆಲಸ ಮಾಡಿದರು. ವಿಷದ ಹೆಸರು ಚಿಕ್ಕದಾಗಿ ಓಡಾಪ್, ಇದನ್ನೇ ಬೋವಾ ಎಂದೂ ಕರೆಯುತ್ತಾರೆ. ವಿಷ ಯಾವುದೆಂದು ಗೊತ್ತಾಯಿತು. ಅದು ನರಕೋಶದೊಳಗೆ ಹೋಗಿ ಮೊದಲು ಎಲ್ಲಿ ಪೆಟ್ಟು ಕೊಡುತ್ತದೆ ಎಂಬ ಪ್ರಶ್ನೆ ಉಳಿಯಿತು.

ಅದಕ್ಕೆ ಉತ್ತರ ನಿಮ್ಹಾನ್ಸ್‌ನ ಪ್ರಯೋಗಾಲಯದಲ್ಲಿ ಸಿಕ್ಕಿತು. ಇಲಿಯ ಮೆದುಳಿನ ತೆಳುವಾದ ಚೂರುಗಳ ಮೇಲೆ ಈ ವಿಷ ಹಾಕಿದಾಗ ಮೈಟೊಕಾಂಡ್ರಿಯಾದ ಕಾಂಪ್ಲೆಕ್ಸ್-1 ಕುಂದುತ್ತದೆ ಎಂದು ವಿಜಯಲಕ್ಷ್ಮಿ ಅವರ ತಂಡ 1993ರಲ್ಲಿ ಪ್ರಕಟಿಸಿತು. 1998ರ ಪ್ರಬಂಧದಲ್ಲಿ ಜೀವಂತ ಇಲಿಗಳಲ್ಲೂ ಅದನ್ನೇ ತೋರಿಸಿದರು. ಪೆಟ್ಟು ಬಿದ್ದದ್ದು ಎರಡು ಕಡೆ: ಕೈಕಾಲು ಆಡಿಸುವ ಮೆದುಳಿನ ಭಾಗದಲ್ಲಿ, ಮತ್ತು ಸೊಂಟದ ಮಟ್ಟದ ಬೆನ್ನುಹುರಿಯಲ್ಲಿ. ರೋಗಿಯ ಕಾಲೇ ಏಕೆ ಹೋಗುತ್ತದೆ ಎಂಬುದಕ್ಕೆ ಇದು ಹೊಂದುತ್ತದೆ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿತ್ತು. ಕಾಂಪ್ಲೆಕ್ಸ್-1 ಕುಂದುವುದು ನರಕೋಶ ಸಾಯುವುದಕ್ಕಿಂತ ಮೊದಲು. ಆ ಹೊತ್ತಿಗೆ ಯಂತ್ರ ಮುರಿದಿರುವುದಿಲ್ಲ. ಅದರಲ್ಲಿರುವ ಗಂಧಕದ ಕೊಂಡಿಗಳು ತುಕ್ಕು ಹಿಡಿದಂತೆ ಆಗಿರುತ್ತವೆ, ಅಷ್ಟೆ. ಆ ಕೊಂಡಿಗಳನ್ನು ಸರಿಪಡಿಸುವ ರಾಸಾಯನಿಕ ಹಾಕಿದಾಗ ಯಂತ್ರ ಮತ್ತೆ ಓಡಿತು. ಅಂದರೆ ಪೆಟ್ಟು ಬಿದ್ದ ಗಳಿಗೆಗೂ ಕೋಶ ಸಾಯುವ ಗಳಿಗೆಗೂ ನಡುವೆ ಸ್ವಲ್ಪ ಸಮಯವಿದೆ, ಆ ಸಮಯದಲ್ಲಿ ರಿಪೇರಿ ಸಾಧ್ಯ. ಅವರ ಮುಂದಿನ ಕೆಲಸವೆಲ್ಲ ಹೆಚ್ಚಾಗಿ ಈ ಸಮಯದ ಸುತ್ತಲೇ ನಡೆಯಿತು.

ಕ್ಯಾಲಿಫೋರ್ನಿಯಾದ ಘಟನೆ

1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕ ಯುವತಿಯರು ಇದ್ದಕ್ಕಿದ್ದಂತೆ ಕಲ್ಲಿನಂತೆ ಬಿಗಿದುಕೊಂಡು ಆಸ್ಪತ್ರೆ ಸೇರಿದರು. ಮುದುಕರಿಗೆ ಬರುವ ಪಾರ್ಕಿನ್ಸನ್ ರೋಗದ ಲಕ್ಷಣಗಳೆಲ್ಲ ಅವರಲ್ಲಿ ಇದ್ದವು. ಕಳ್ಳತನದಲ್ಲಿ ತಯಾರಾದ ಮಾದಕ ವಸ್ತುವನ್ನು ಅವರು ಚುಚ್ಚಿಕೊಂಡಿದ್ದರು. ಅದರಲ್ಲಿ ಎಂಪಿಟಿಪಿ ಎಂಬ ಕಲಬೆರಕೆ ಇತ್ತು. ಅದು ಮೆದುಳಿಗೆ ಹೋಗಿ ರೂಪ ಬದಲಿಸಿ ಕಾಂಪ್ಲೆಕ್ಸ್-1ನ್ನು ತಡೆಯುತ್ತದೆ ಎಂದು ನಂತರ ತಿಳಿಯಿತು. 1989ರಲ್ಲಿ ಲಂಡನ್ನಿನ ಸಂಶೋಧಕರು ಇಂಥ ವಿಷ ತಾಕದ, ಸಾಮಾನ್ಯ ಪಾರ್ಕಿನ್ಸನ್ ರೋಗದಿಂದ ಸತ್ತವರ ಮೆದುಳಿನಲ್ಲೂ ಕಾಂಪ್ಲೆಕ್ಸ್-1 ಕಡಿಮೆಯಾಗಿರುವುದನ್ನು ಕಂಡರು.

ರೇವಾದ ಕೂಲಿಯ ಕಾಳಿಗೂ ಕ್ಯಾಲಿಫೋರ್ನಿಯಾದ ಮಾದಕ ವಸ್ತುವಿಗೂ ಯಾವ ಸಂಬಂಧವೂ ಇಲ್ಲ. ಆದರೂ ಎರಡೂ ಹೋಗಿ ತಡೆಯುವುದು ಅದೇ ಯಂತ್ರವನ್ನು.

ರಿಪೇರಿ ಮಾಡುವ ಪ್ರೋಟೀನು

ಗಂಧಕದ ಕೊಂಡಿಗಳನ್ನು ಸರಿಪಡಿಸಲು ದೇಹದಲ್ಲೇ ಒಬ್ಬ ಮೆಕ್ಯಾನಿಕ್ ಇದ್ದಾನೆ. ಅದು ಗ್ಲುಟಾರೆಡಾಕ್ಸಿನ್ ಎಂಬ ಸಣ್ಣ ಪ್ರೋಟೀನು. ವಿಜಯಲಕ್ಷ್ಮಿ ಮತ್ತು ಅವರ ಸಹೋದ್ಯೋಗಿ ಕೆಂಚಪ್ಪ 2003ರಲ್ಲಿ ಎಂಪಿಟಿಪಿ ಕೊಟ್ಟ ಇಲಿಗಳ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ವಿಷ ತಾಕಿದಾಗ ಮೊದಲು ಕಾಂಪ್ಲೆಕ್ಸ್-1 ಕುಂದಿತು, ನಂತರ ಚೇತರಿಸಿಕೊಂಡಿತು. ಗ್ಲುಟಾರೆಡಾಕ್ಸಿನ್ ತಯಾರಾಗದಂತೆ ತಡೆದ ಇಲಿಗಳಲ್ಲಿ ಈ ಚೇತರಿಕೆ ಆಗಲಿಲ್ಲ. ಹಾಗಾಗಿ ಮೆದುಳಿನಲ್ಲಿ ಕಾಂಪ್ಲೆಕ್ಸ್-1 ಸುಸ್ಥಿತಿಯಲ್ಲಿರಲು ಈ ಪ್ರೋಟೀನು ಬೇಕೇ ಬೇಕು ಎಂಬ ತೀರ್ಮಾನಕ್ಕೆ ಬಂದರು.

ಹೆಂಗಸರಿಗೆ ಏಕೆ ಕಡಿಮೆ?

ಒಂದೇ ಮನೆಯಲ್ಲಿ ಒಂದೇ ಪಾತ್ರೆಯಲ್ಲಿ ಬೇಯಿಸಿದ ಕೇಸರಿ ಬೇಳೆ ಉಂಡರೂ ಲ್ಯಾಥಿರಿಸಂ ಹೆಚ್ಚಾಗಿ ಬರುವುದು ಗಂಡಸರಿಗೆ. ಪಾರ್ಕಿನ್ಸನ್ ರೋಗವೂ ಗಂಡಸರಲ್ಲೇ ಹೆಚ್ಚು. ಗಂಡಸರು ಹೆಚ್ಚು ಉಣ್ಣುತ್ತಾರೆ, ಹೆಚ್ಚು ದುಡಿಯುತ್ತಾರೆ ಎಂಬ ಮಾತು ಹಿಂದಿನಿಂದ ಇತ್ತು.

2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದೇ ತಂಡ ಬೇರೊಂದು ಕಾರಣ ತೋರಿಸಿತು. ಹೆಣ್ಣು ಇಲಿಗಳ ಮೆದುಳಿನಲ್ಲಿ ಗ್ಲುಟಾರೆಡಾಕ್ಸಿನ್ ಮೊದಲಿನಿಂದಲೇ ಹೆಚ್ಚಾಗಿರುತ್ತದೆ, ಇದರ ಹಿಂದೆ ಹೆಣ್ಣಿನ ಹಾರ್ಮೋನಾದ ಈಸ್ಟ್ರೊಜೆನ್ ಇದೆ. 2007ರಲ್ಲಿ ಇನ್ನೊಂದು ಪ್ರಯೋಗದಲ್ಲಿ ಹೆಣ್ಣು ಇಲಿಗಳಲ್ಲಿ ಈ ಪ್ರೋಟೀನನ್ನು ಕಡಿಮೆ ಮಾಡಿ ನೋಡಿದಾಗ ಅವುಗಳ ಮೈಟೊಕಾಂಡ್ರಿಯಾವೂ ಕುಂದಿತು. ಹೆಣ್ಣಿಗೆ ಇರುವ ರಕ್ಷಣೆಯಲ್ಲಿ ಈ ಪ್ರೋಟೀನಿನ ಪಾಲು ದೊಡ್ಡದು ಎಂದಾಯಿತು. ಇದು ಇಲಿಗಳ ಲೆಕ್ಕ. ಮುಟ್ಟು ನಿಂತ ಹೆಂಗಸರಲ್ಲಿ ಈ ರಕ್ಷಣೆ ಎಷ್ಟು ಉಳಿಯುತ್ತದೆ ಎಂಬಂತಹ ಪ್ರಶ್ನೆಗಳಿಗೆ ಇದರಿಂದಲೇ ಉತ್ತರ ಸಿಗದು.

ಹೊಲಕ್ಕೆ ಔಷಧಿ ಹೊಡೆಯುವವರಿಗೆ

ಈ ವಿಷಯ ರೈತರಿಗೂ ಸಂಬಂಧಿಸಿದ್ದು. ಗಿಡದ ಬೇರಿನಿಂದ ತೆಗೆಯುವ ರೊಟೆನೋನ್ ಎಂಬ ಕೀಟನಾಶಕ ನೇರವಾಗಿ ಕಾಂಪ್ಲೆಕ್ಸ್-1ನ್ನು ತಡೆಯುತ್ತದೆ. 2000ನೇ ಇಸವಿಯಲ್ಲಿ ಅಮೆರಿಕದ ಸಂಶೋಧಕರು ಇಲಿ ಜಾತಿಯ ಪ್ರಾಣಿಗಳಿಗೆ ಇದನ್ನು ಬಹಳ ದಿನ ಕೊಟ್ಟಾಗ ಪಾರ್ಕಿನ್ಸನ್ ಲಕ್ಷಣಗಳು ಕಾಣಿಸಿದವು. ಕಳೆನಾಶಕ ಪ್ಯಾರಾಕ್ವಾಟ್ ಬೇರೆ ದಾರಿಯಲ್ಲಿ ಕೆಲಸ ಮಾಡುತ್ತದೆ, ಆದರೆ ಅದೂ ಕೋಶದಲ್ಲಿ ಹಾನಿಕರ ಆಮ್ಲಜನಕದ ಕಣಗಳನ್ನು ಹೆಚ್ಚಿಸುತ್ತದೆ. ಅಮೆರಿಕದ ಅಯೋವಾ ಮತ್ತು ಉತ್ತರ ಕೆರೊಲಿನಾ ರಾಜ್ಯಗಳಲ್ಲಿ ಔಷಧಿ ಸಿಂಪಡಿಸುವವರು ಮತ್ತು ಅವರ ಮನೆಯವರ ನಡುವೆ ನಡೆದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಈ ಎರಡರಲ್ಲಿ ಒಂದನ್ನು ಬಳಸಿದವರಲ್ಲಿ ಪಾರ್ಕಿನ್ಸನ್ ಬರುವ ಸಂಭವ ಸುಮಾರು ಎರಡೂವರೆ ಪಟ್ಟು ಹೆಚ್ಚು ಎಂದು ಅದರಲ್ಲಿ ಕಂಡುಬಂತು.

ಔಷಧಿ ಹೊಡೆದವರಿಗೆಲ್ಲ ರೋಗ ಬರುತ್ತದೆ ಎಂದು ಇದರ ಅರ್ಥವಲ್ಲ. ಬಾಯಿಗೆ ಟವೆಲ್ ಸುತ್ತಿಕೊಂಡರೆ ಸಾಕು ಎನ್ನುವುದೂ ಸರಿಯಲ್ಲ. ಇವು ಚರ್ಮದ ಮೂಲಕವೂ ಒಳಗೆ ಹೋಗುತ್ತವೆ. ಕೈಗವಸು, ತುಂಬು ತೋಳಿನ ಅಂಗಿ, ಗಾಳಿಯ ಬೆನ್ನಿಗೆ ನಿಂತು ಸಿಂಪಡಿಸುವುದು, ಮುಗಿದ ಕೂಡಲೇ ಸೋಪು ಹಚ್ಚಿ ಸ್ನಾನ, ಆ ಬಟ್ಟೆ ಬೇರೆಯಾಗಿ ಒಗೆಯುವುದು: ಇಷ್ಟನ್ನು ತಪ್ಪಿಸಬಾರದು. ಖಾಲಿ ಡಬ್ಬವನ್ನು ನೀರು ತರಲು ಬಳಸಲೇಬಾರದು.

ಮರೆಗುಳಿ ರೋಗ ಮತ್ತು ಅಶ್ವಗಂಧ

ಆಲ್‌ಜೈಮರ್ಸ್ ಎಂಬ ಮರೆಗುಳಿ ರೋಗದಲ್ಲಿ ಮೆದುಳಿನೊಳಗೆ ಅಮೈಲಾಯ್ಡ್ ಎಂಬ ಪ್ರೋಟೀನು ಗಸಿಯಂತೆ ಕೂರುತ್ತದೆ. ಈ ಗಸಿ ಮೈಟೊಕಾಂಡ್ರಿಯಾದೊಳಗೂ ಸೇರುತ್ತದೆ ಎಂದು 2006ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಪಿ. ಹೇಮಚಂದ್ರ ರೆಡ್ಡಿ ಅವರ ತಂಡ ತೋರಿಸಿತು. ಅವರು ನಂತರ ಟೆಕ್ಸಾಸ್‌ಗೆ ಹೋಗಿ ಇದೇ ವಿಷಯದ ಮೇಲೆ ಕೆಲಸ ಮುಂದುವರಿಸಿದರು.

ವಿಜಯಲಕ್ಷ್ಮಿ ಅವರ ತಂಡ ಬೇರೆ ದಾರಿ ಹಿಡಿಯಿತು. ಆಲ್‌ಜೈಮರ್ಸ್ ಬರುವಂತೆ ಮಾಡಿದ ಇಲಿಗಳಿಗೆ ಅಶ್ವಗಂಧದ ಬೇರಿನ ಸಾರವನ್ನು 30 ದಿನ ಕುಡಿಸಿದಾಗ ಗಸಿ ಕಡಿಮೆಯಾಯಿತು, ಮರೆತದ್ದನ್ನು ಇಲಿಗಳು ಮತ್ತೆ ಕಲಿತವು. ಆಶ್ಚರ್ಯವೆಂದರೆ ಮದ್ದು ಕೆಲಸ ಮಾಡಿದ್ದು ಮೆದುಳಿನಲ್ಲಲ್ಲ, ಲಿವರಿನಲ್ಲಿ. ಅಲ್ಲಿ ಒಂದು ಪ್ರೋಟೀನು ಹೆಚ್ಚಾಗಿ ರಕ್ತದಲ್ಲಿನ ಅಮೈಲಾಯ್ಡನ್ನು ಎಳೆದುಕೊಂಡಿತು. 2012ರಲ್ಲಿ ಇದು ಪ್ರಕಟವಾದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಆದರೆ ಇದು ಇಲಿಗಳಲ್ಲಿ, ಅಳತೆ ಮಾಡಿ ತಯಾರಿಸಿದ ಸಾರದಿಂದ ಬಂದ ಫಲ. ಅಂಗಡಿಯ ಅಶ್ವಗಂಧದ ಪುಡಿ ಮರೆಗುಳಿ ರೋಗ ವಾಸಿ ಮಾಡುತ್ತದೆ ಎಂದು ಇದರಿಂದ ಸಾಬೀತಾಗಿಲ್ಲ. ಹಾಗೆ ಹೇಳಿ ಮಾರುವವರನ್ನು ನಂಬಿ ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ.

ಮಕ್ಕಳಿಗೆ ಬರುವ ಮೈಟೊಕಾಂಡ್ರಿಯಾ ರೋಗ

ಇದುವರೆಗೆ ಹೇಳಿದ್ದು ವಿಷದಿಂದಲೋ ವಯಸ್ಸಿನಿಂದಲೋ ಮೈಟೊಕಾಂಡ್ರಿಯಾ ಕುಂದುವ ವಿಷಯ. ಹುಟ್ಟಿನಿಂದಲೇ ಅದರಲ್ಲಿ ದೋಷವಿರುವ ಮಕ್ಕಳೂ ಇದ್ದಾರೆ. ಆಸ್ಪತ್ರೆಯ ಚೀಟಿಯಲ್ಲಿ ಈ ಪದ ಹೆಚ್ಚಾಗಿ ಕಾಣಿಸುವುದು ಇಂಥವರ ಮನೆಗಳಲ್ಲಿ. ನಡೆಯುತ್ತಿದ್ದ ಮಗು ನಡೆಯುವುದನ್ನು ಬಿಡುವುದು, ಜ್ವರ ಬಂದಾಗಲೆಲ್ಲ ಇನ್ನಷ್ಟು ಕುಗ್ಗುವುದು, ಫಿಟ್ಸ್, ರೆಪ್ಪೆ ಜೋಲು ಬೀಳುವುದು, ಕಿವಿ ಕೇಳಿಸದಿರುವುದು ಇದರ ಲಕ್ಷಣಗಳಲ್ಲಿ ಕೆಲವು.

ಇದು ವಂಶದಲ್ಲಿ ಬರುವುದು ಎರಡು ದಾರಿಯಲ್ಲಿ. ಮೈಟೊಕಾಂಡ್ರಿಯಾಕ್ಕೆ ತನ್ನದೇ ಆದ 37 ವಂಶವಾಹಿಗಳಿವೆ, ಅವು ಮಗುವಿಗೆ ತಾಯಿಯಿಂದ ಮಾತ್ರ ಬರುತ್ತವೆ. ಅಲ್ಲಿ ದೋಷವಿದ್ದರೆ ತಾಯಿಯಿಂದ ಮಕ್ಕಳಿಗೆ ಹೋಗಬಹುದು. ತಾಯಿ ಆರೋಗ್ಯವಾಗಿಯೇ ಇರಬಹುದು, ಒಂದು ಮಗುವಿಗೆ ತೀವ್ರವಾಗಿ, ಇನ್ನೊಂದಕ್ಕೆ ಅಲ್ಪವಾಗಿ ಬರಬಹುದು. ಇದರಲ್ಲಿ ತಾಯಿಯ ತಪ್ಪು ಏನೂ ಇಲ್ಲ. ಸೊಸೆಯನ್ನು ದೂರುವ ಮನೆಗಳು ಈ ಮಾತನ್ನು ನೆನಪಿಡಬೇಕು.

ಮೈಟೊಕಾಂಡ್ರಿಯಾಕ್ಕೆ ಬೇಕಾದ ಉಳಿದ ಸಾವಿರಕ್ಕೂ ಹೆಚ್ಚು ಪ್ರೋಟೀನುಗಳ ವಂಶವಾಹಿಗಳು ತಂದೆ ತಾಯಿ ಇಬ್ಬರಿಂದಲೂ ಬರುತ್ತವೆ. ಇಬ್ಬರಲ್ಲೂ ಒಂದೇ ದೋಷ ಅಡಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಕಡೆಯ ಪದ್ಧತಿಯಲ್ಲಿ ಇಬ್ಬರಲ್ಲೂ ಒಂದೇ ದೋಷ ಇರುವ ಸಂಭವ ಹೆಚ್ಚು. ಮನೆಯಲ್ಲಿ ಈಗಾಗಲೇ ಇಂಥ ಮಗು ಹುಟ್ಟಿದ್ದರೆ ಮುಂದಿನ ಬಸಿರಿಗೆ ಮೊದಲೇ ವಂಶವಾಹಿ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಬೇಕು.

ಶ್ರೀನಿವಾಸಪುರದ ಅಧ್ಯಯನ

ಇಲಿಗಳಲ್ಲಿ ಕಂಡದ್ದನ್ನು ಮನುಷ್ಯರಲ್ಲಿ ತಿಳಿಯಬೇಕಾದರೆ ರೋಗ ಬರುವ ಮೊದಲಿನಿಂದಲೇ ಜನರನ್ನು ಗಮನಿಸಬೇಕು. ಮೆದುಳು ಸಂಶೋಧನಾ ಕೇಂದ್ರ 2018ರಲ್ಲಿ ಅಂತಹ ಕೆಲಸ ಆರಂಭಿಸಿತು. ಅದಕ್ಕೆ ಆರಿಸಿಕೊಂಡದ್ದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕು. ಮಾವಿಗೆ ಹೆಸರಾದ ಈ ತಾಲೂಕು ಆಂಧ್ರದ ಗಡಿಗೆ ಅಂಟಿಕೊಂಡಿದೆ, ನಮ್ಮ ಹಾಗೆಯೇ ಅಲ್ಲಿನ ಜನ ತೆಲುಗು, ಕನ್ನಡ ಎರಡನ್ನೂ ಆಡುತ್ತಾರೆ. 45 ವರ್ಷ ದಾಟಿದ 10,000 ಹಳ್ಳಿಗರನ್ನು ವರ್ಷಗಳ ಕಾಲ ಗಮನಿಸುವುದು ಗುರಿ. ರಕ್ತ, ವಂಶವಾಹಿ, ಮೆದುಳಿನ ಸ್ಕ್ಯಾನ್, ನೆನಪಿನ ಪರೀಕ್ಷೆ ಎಲ್ಲವೂ ಇದರಲ್ಲಿ ಸೇರಿವೆ. ಹೋಲಿಸಿ ನೋಡಲು ಬೆಂಗಳೂರು ನಗರದಲ್ಲೂ ಇಂಥದ್ದೇ ಅಧ್ಯಯನ ನಡೆಸಿದರು.

ಮರೆಗುಳಿ ರೋಗದ ಬಗ್ಗೆ ಜಗತ್ತು ಬಲ್ಲದ್ದು ಹೆಚ್ಚಾಗಿ ಓದು ಬರಹ ಬಲ್ಲ ಪಾಶ್ಚಾತ್ಯರನ್ನು ಪರೀಕ್ಷಿಸಿ ತಿಳಿದದ್ದು. ಶಾಲೆಯ ಮೆಟ್ಟಿಲು ಹತ್ತದೆ, ಎರಡು ಭಾಷೆಯಲ್ಲಿ ವ್ಯವಹಾರ ಮಾಡಿ, ರಾಗಿ ಉಂಡು, ಹೊಲದಲ್ಲಿ ದುಡಿದವರ ಮೆದುಳು ಹೇಗೆ ಮುಪ್ಪಾಗುತ್ತದೆ ಎಂಬುದು ಇಂಥ ಹಳ್ಳಿಗಳಿಂದಲೇ ತಿಳಿಯಬೇಕು.

ಓದುಗರು ಗಮನಿಸಬೇಕಾದದ್ದು

1. ಸತ್ತ ನರಕೋಶವನ್ನು ಬದುಕಿಸುವ ಅಥವಾ ಪಾರ್ಕಿನ್ಸನ್, ಆಲ್‌ಜೈಮರ್ಸ್ ರೋಗಗಳನ್ನು ಬುಡಸಮೇತ ವಾಸಿ ಮಾಡುವ ಮದ್ದು ಇಲ್ಲ. ನಡುಕ, ಬಿಗಿತ ಕಡಿಮೆ ಮಾಡಿ ಹಲವು ವರ್ಷ ಚೆನ್ನಾಗಿ ಓಡಾಡಿಸುವ ಮಾತ್ರೆಗಳಿವೆ.

2. ಮರೆವು, ನಡಿಗೆಯ ತೊಂದರೆ ಎಲ್ಲವೂ ಈ ರೋಗಗಳೇ ಅಲ್ಲ. ಬಿ-12 ಕೊರತೆ, ಥೈರಾಯ್ಡ್ ತೊಂದರೆಗಳಿಂದಲೂ ಹೀಗಾಗಬಹುದು. ಬೇಗ ಕಂಡುಹಿಡಿದರೆ ಅವಕ್ಕೆ ಚಿಕಿತ್ಸೆ ಇದೆ. ‘ವಯಸ್ಸಾಯಿತು ಬಿಡಿ’ ಎಂದು ಕೂರಬಾರದು.

3. ಕೈ ನಡುಗುವುದು, ಒಂದು ತೋಳು ಬೀಸದೆ ನಡೆಯುವುದು, ಅಕ್ಷರ ಸಣ್ಣದಾಗುವುದು ಕಂಡರೆ ನರರೋಗ ತಜ್ಞರಿಗೆ ತೋರಿಸಿ. ಬಾಯಿ ಸೊಟ್ಟಗಾಗಿ ಒಂದು ಕೈಕಾಲು ಇದ್ದಕ್ಕಿದ್ದಂತೆ ಬಿದ್ದುಹೋದರೆ ಅದು ಪಾರ್ಶ್ವವಾಯು. ನಾಟಿ ಮದ್ದಿಗೆ ಕಾಯದೆ ಆ ಗಂಟೆಯಲ್ಲೇ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.

4. ಕೇಸರಿ ಬೇಳೆಯ ಮಾರಾಟವನ್ನು ಕೇಂದ್ರ ಸರಕಾರ 1961ರಲ್ಲಿ ನಿಷೇಧಿಸಿತು. ಕೆಲವು ರಾಜ್ಯಗಳಲ್ಲಿ ಬೆಳೆಯುವುದು ಮಾತ್ರ ನಿಲ್ಲಲಿಲ್ಲ. ವಿಷ ಕಡಿಮೆ ಇರುವ ರತನ್, ಪ್ರತೀಕ್‌ನಂತಹ ತಳಿಗಳೂ ಬಂದಿವೆ. ತೊಗರಿ ಬೇಳೆ, ಕಡಲೆ ಬೇಳೆಯಲ್ಲಿ ಇದರ ಕಲಬೆರಕೆ ಆಗುವುದುಂಟು. ತೊಗರಿ ಬೇಳೆ ದುಂಡಗೆ ಇರುತ್ತದೆ, ಕೇಸರಿ ಬೇಳೆ ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ಚೌಕ, ಕೊಡಲಿಯ ಅಲಗಿನ ಆಕಾರ. ಬೇಳೆಯನ್ನು ಬಿಸಿನೀರಿನಲ್ಲಿ ನೆನೆಸಿ ಆ ನೀರು ಚೆಲ್ಲಿದರೆ ವಿಷದ ಅಂಶ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

5. ಆಸ್ಪತ್ರೆಗೆ ಹೋಗುವಾಗ ಹಳೆಯ ಚೀಟಿಗಳೆಲ್ಲ ಜೊತೆಯಲ್ಲಿರಲಿ. ಮನೆಯಲ್ಲಿ ಬೇರೆ ಯಾರಿಗೆ ಇಂಥ ರೋಗ ಇತ್ತು, ಗಂಡ ಹೆಂಡತಿ ಮೊದಲೇ ಸಂಬಂಧಿಕರೇ, ಯಾವ ಔಷಧಿ ಹೊಲಕ್ಕೆ ಹೊಡೆಯುತ್ತಿದ್ದಿರಿ ಎಂಬುದನ್ನು ಮುಚ್ಚಿಡದೆ ಹೇಳಿ. ಕನ್ನಡದಲ್ಲಿ ಮಾತು ತೋಚದಿದ್ದರೆ ತೆಲುಗಿನಲ್ಲೇ ಹೇಳಿ.

ಎರಡೂ ಭಾಷೆಯಲ್ಲಿ ರೋಗದ ಮಾತು

ನಡುಕ: ತೆಲುಗಿನಲ್ಲಿ ವಣುಕು. ಮರೆಗುಳಿ ರೋಗ: ಮತಿಮರುಪು. ಪಾರ್ಶ್ವವಾಯು, ಲಕ್ವ: ಪಕ್ಷವಾತಂ. ಮೂರ್ಛೆ ರೋಗ: ಫಿಟ್ಸ್, ಮೂರ್ಛ. ಬೆನ್ನುಹುರಿ: ವೆನ್ನುಪಾಮು. ತೊಗರಿ ಬೇಳೆ: ಕಂದಿಪಪ್ಪು. ಕಡಲೆ ಬೇಳೆ: ಶನಗಪಪ್ಪು. ಕೇಸರಿ ಬೇಳೆ: ಕೇಸರಿ ಪಪ್ಪು. ಮೈಟೊಕಾಂಡ್ರಿಯಾಕ್ಕೆ ಎರಡೂ ಕಡೆ ಅದೇ ಹೆಸರು.